ತರುಬೆನ್ ಕಂಡುಹಿಡಿದ ಕಪ್ಪು

ಗುಜರಾತಿನ ಬಿಲಿಮೋರಾದಲ್ಲಿ ತರುಲತಾ ವಶಿ ಎಂದರೆ ಈಗಿನವರಿಗೆ ಹೆಣ್ಣುಮಕ್ಕಳ ಶಾಲೆಯ ಸಿಡುಕಿನ ವಿಜ್ಞಾನ ಟೀಚರು, ಅಷ್ಟೇ. ಸ್ವಲ್ಪ ವಯಸ್ಸಾದವರನ್ನು ಕೇಳಿದರೆ ದನಿ ತಗ್ಗಿಸಿ, “ಮೊದಲು ಬಣ್ಣದ ಕಾರ್ಖಾನೆಯಲ್ಲಿ ದೊಡ್ಡ ಕೆಮಿಸ್ಟ್ ಆಗಿದ್ದಳಂತೆ, ಶೇಠರ ಆಸ್ತಿ ಹಾಳುಮಾಡಿದಳು ಅಂತ ಹೊರಗೆ ಹಾಕಿದರಂತೆ, ತಲೆ ಕೆಟ್ಟಿತ್ತಂತೆ” ಎನ್ನುತ್ತಾರೆ. ಈ ಊರಿನವರಿಗೆ ಒಂದು ‘ಅಂತೆ’ ಸಿಕ್ಕರೆ ಊಟ ತಿಂಡಿ ಬೇಕಾಗಿಲ್ಲ. ನಾನು ಠಾಕೋರ್ ಪಟೇಲ್, ಅದೇ ಕಾರ್ಖಾನೆಯ ಮೂರನೇ ಶೆಡ್ಡಿನ ಸೂಪರ್‌ವೈಸರ್ ಆಗಿದ್ದವನು. ಆ ದಿನ ನಾನು ಅಲ್ಲೇ ನಿಂತಿದ್ದೆ. ನಮ್ಮ ಬಾಯಲ್ಲಿ ಅವರು ತರುಬೆನ್, ಬೆನ್ ಎಂದರೆ ಅಕ್ಕ. ಹೋದ ಚೈತ್ರದಲ್ಲಿ ಅವರು ತೀರಿಕೊಂಡಾಗ ಶಾಲೆಯವರು ಸಭೆ ಮಾಡಿ, ಅವರ ತರಗತಿಯಲ್ಲಿ ಎಷ್ಟು ಜನ ಪಾಸಾದರು ಎಂದು ಹೊಗಳಿದರು. ಬಣ್ಣದ ಮಾತನ್ನು ಒಬ್ಬರೂ ಎತ್ತಲಿಲ್ಲ. ನನಗೆ ಮೈ ಉರಿದುಹೋಯಿತು. ಅದಕ್ಕೇ ಹೇಳುತ್ತಿದ್ದೇನೆ.

ತರುಬೆನ್ ಗಣದೇವಿಯ ಅನಾವಿಲ ಬ್ರಾಹ್ಮಣರ ಮನೆಯವರು. ಚಿಕ್ಕು ತೋಟ, ಎಮ್ಮೆ, ಬಾಯಿ ತೆರೆದರೆ ಕಿಡಿ ಹಾರುವ ಜನ. ಮುಂಬಯಿಯಲ್ಲಿ ಬಣ್ಣದ ರಸಾಯನ ಓದಲು ಹೋದಾಗ ಆ ತರಗತಿಗೆಲ್ಲ ಇವರೊಬ್ಬರೇ ಹೆಣ್ಣು. ಓದು ಮುಗಿಸಿ ಅಂಬಿಕಾ ನದಿಯ ದಂಡೆಯಲ್ಲಿದ್ದ ನಮ್ಮ ಕಾರ್ಖಾನೆಗೆ ಬಂದಾಗ ಅವರಿಗೆ ಇಪ್ಪತ್ಮೂರು ವರ್ಷ. ಎರಡು ಜಡೆ, ಬಿಳಿ ಕೋಟು, ಕಾಲಿಗೆ ಗಂಡಸರ ಬೂಟು. ಮೊದಲ ದಿನ ನಮ್ಮವರಲ್ಲೊಬ್ಬ ಹಿಂದಿನಿಂದ, “ಈ ಗೊಂಬೆ ಎಷ್ಟು ದಿನ ಇರ್ತಾಳೋ” ಎಂದ. ತರುಬೆನ್ ತಿರುಗಿ ಅವನ ಹತ್ತಿರವೇ ಬಂದು, “ನೀನು ರಿಟೈರ್ ಆಗೋವರೆಗೂ ಇರ್ತೀನಿ. ಆಮೇಲೆ ನಿನ್ನ ಪೆನ್ಷನ್ ಅರ್ಜಿನೂ ನಾನೇ ಬರ್ದು ಕೊಡ್ತೀನಿ, ನಿಂಗೆ ಬರೆಯೋಕೆ ಬರಲ್ವಲ್ಲ” ಎಂದರು. ಅಲ್ಲಿಗೆ ಗೊಂಬೆ ಎನ್ನುವ ಮಾತು ನಿಂತಿತು.

ಅವರ ಕಣ್ಣಿನ ವಿಷಯ ಹೇಳಲೇಬೇಕು. ಬಣ್ಣದ ಧಂದೆಯಲ್ಲಿ ಇರುವವರೆಲ್ಲ ಸ್ವಲ್ಪ ಮಟ್ಟಿಗೆ ಕಣ್ಣು ಪಳಗಿಸಿಕೊಂಡಿರುತ್ತಾರೆ, ನಾನೂ. ಆದರೆ ನಾವು ಎರಡು ಕೆಂಪು ಕಂಡಲ್ಲಿ ಅವರಿಗೆ ಹತ್ತು ಕೆಂಪು ಕಾಣುತ್ತಿದ್ದವು. ನೂಲಿನ ಲಡಿಗೆ ಬಣ್ಣ ಹಾಕಿ ಒಣಗಿಸಿ, ಲ್ಯಾಬಿನ ಉತ್ತರದ ಕಿಟಕಿಯ ಹತ್ತಿರ ಹಿಡಿದು, ಒಂದು ಸಲ ನೋಡಿ, “ಸೋಮವಾರದ್ದಕ್ಕಿಂತ ಹಳದಿ ಜಾಸ್ತಿ. ಆಸಿಡ್ ಬೇಗ ಸುರಿದಿದ್ದೀರಿ ಠಾಕೋರ್‌ಭಾಯಿ” ಎನ್ನುತ್ತಿದ್ದರು. ನಾನು ಶೆಡ್ಡಿಗೆ ಹೋಗಿ ವಿಚಾರಿಸಿದರೆ ಯಾವನೋ ಟೀಗೆ ಹೋಗುವ ಅವಸರದಲ್ಲಿ ಸುರಿದೇ ಇರುತ್ತಿದ್ದ. ನವಸಾರಿಯ ಸೀರೆ ಅಂಗಡಿಯವರು ಅವರು ಬಂದರೆ ಒಳ್ಳೆಯ ಸೀರೆಗಳನ್ನು ಒಳಗಿಡುತ್ತಿದ್ದರು. “ಸೆರಗೂ ಒಡಲೂ ಒಂದೇ ನೀಲಿ ಬೆನ್, ಆಣೆಗೂ” ಎಂದವನಿಗೆ, “ಸೆರಗಿನ ನೀಲಿಯೊಳಗೆ ಕೆಂಪು ಕೂತಿದೆ. ಬಿಸಿಲಿಗೆ ಹಿಡಿದು ತೋರಿಸ್ಲಾ, ಇಲ್ಲಾ ನಿನ್ನ ಶೇಠನ್ನೇ ಕರೀತೀಯಾ?” ಎಂದು ಎಲ್ಲರೆದುರೂ ಕೇಳುತ್ತಿದ್ದರು.

ಲ್ಯಾಬಿನಲ್ಲಿ ಗಾಜಿನ ಬುರುಡೆಯೊಳಗೆ ಒಂದು ಹಿಡಿ ಬಣ್ಣ ಮಾಡುವುದು ಪುಸ್ತಕ ಓದಿದ ಯಾರಿಗಾದರೂ ಬಂದೀತು. ಅದನ್ನೇ ಎರಡು ಎಮ್ಮೆ ಈಜುವಷ್ಟು ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಮಾಡಿದಾಗಲೂ ಅದೇ ಬಣ್ಣ, ಅದೇ ಬೆಲೆಗೆ, ಮೇ ತಿಂಗಳ ಸೆಕೆಯಲ್ಲೂ ಮಳೆಗಾಲದ ತೇವದಲ್ಲೂ ಬರಬೇಕು. ಅದು ಕಾರ್ಖಾನೆಯ ಸಂಶೋಧನೆ. ಅದರಲ್ಲಿ ತರುಬೆನ್‌ರಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಪಾತ್ರೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅದು ಕಾಯುವುದನ್ನು, ತಣಿಯುವುದನ್ನು, ಅದರ ಸದ್ದನ್ನು ಕೇಳುತ್ತ ಇಡೀ ಪಾಳಿ ಕಳೆಯುತ್ತಿದ್ದರು. ಟೀ ಬಂದರೆ ಅಲ್ಲಿ ಕುಡಿಯುತ್ತಿರಲಿಲ್ಲ, ಹೊರಗೆ ಹೋಗಿ ಕೈ ತೊಳೆದು ಕುಡಿದು ಬರುತ್ತಿದ್ದರು. ನಾವು ಅದನ್ನು ಬ್ರಾಹ್ಮಣರ ಮಡಿ ಎಂದುಕೊಂಡು ನಗುತ್ತಿದ್ದೆವು.

ಮೂರನೇ ಶೆಡ್ಡಿನಲ್ಲಿ ಆಗುತ್ತಿದ್ದದ್ದು ಬೆಂಜಿಡೀನ್. ಅದು ಪುಸ್ತಕದ ಹೆಸರು, ನಮ್ಮ ಬಾಯಲ್ಲಿ ‘ಬೇಸ್’. ನೋಡಲು ಒದ್ದೆ ಹಿಟ್ಟಿನ ಹಾಗೆ ಇರುತ್ತದೆ. ಅದರಿಂದ ಕಾಂಗೋ ಎನ್ನುವ ಕೆಂಪಾಗುತ್ತದೆ, ಇನ್ನೂ ಮುಖ್ಯವಾಗಿ ಕಪ್ಪಾಗುತ್ತದೆ. ಲಂಗದ ಬಟ್ಟೆ, ಕೋಟಿನ ಅಸ್ತರು, ಚಪ್ಪಲಿಯ ತೊಗಲು ಎಲ್ಲಕ್ಕೂ ಅದೇ ಅಗ್ಗದ ಕಪ್ಪು. ಕಾರ್ಖಾನೆಯ ಅರ್ಧ ಅನ್ನ ಅದರಿಂದಲೇ ಬರುತ್ತಿತ್ತು. ತರುಬೆನ್ ಬಂದು ಎರಡು ವರ್ಷ ಆಗುವಷ್ಟರಲ್ಲಿ ಸತುವಿನ ಪುಡಿ ಹಾಕುವ ಕ್ರಮವನ್ನೇ ಬದಲಿಸಿ, ಅಷ್ಟೇ ಮಾಲಿನಲ್ಲಿ ಒಂದೂವರೆ ಪಟ್ಟು ಬೇಸ್ ತೆಗೆದು ತೋರಿಸಿದರು. ಮಾಲೀಕರಾದ ಶೇಠ್ ಕೇಸರಿಚಂದ್ ಇಡೀ ಕಾರ್ಖಾನೆಗೆ ಪೇಡಾ ಹಂಚಿದರು. ದೊಡ್ಡ ಪಾತ್ರೆ ಹೊಸದಾಗಿ ಬಂತು, ತರುಬೆನ್ ಹೇಳಿದ ಅಳತೆಯಲ್ಲೇ ಮಾಡಿಸಿದ್ದು. ಹೊಸ ಆಳುಗಳನ್ನು ತೆಗೆದುಕೊಂಡರು. ಆಗ ಬಂದವನೇ ಸುಖಾ, ಧೋಡಿಯಾ ಬುಡಕಟ್ಟಿನವನು, ಕಟ್ಟುಮಸ್ತಾದ ಆಳು, ಹಾಡುಗಾರ. ಪಾತ್ರೆ ಕಡೆಯುವಾಗ ತಾಳಕ್ಕೆ ಸರಿಯಾಗಿ ಮದುವೆ ಹಾಡು ಹೇಳುತ್ತಿದ್ದ.

ಇನ್ನು ನಮ್ಮ ಜನರ ಮಾತು. ಬಣ್ಣದ ಕಾರ್ಖಾನೆಯವನ ಮೈಯಿಂದ ಬರುವುದೆಲ್ಲ ಬಣ್ಣವೇ. ಉಗುಳು ಕೆಂಪು, ಬೆವರು ನೀಲಿ, ಮೂಗು ಸೀನಿದರೆ ಹಳದಿ. ಯಾವ ಶೆಡ್ಡಿನಲ್ಲಿ ಕೆಲಸ ನಡೆದಿದೆ ಎಂದು ನಮ್ಮ ಹೆಂಡಿರಿಗೆ ದಿಂಬಿನ ಚೀಲ ನೋಡಿದರೆ ತಿಳಿಯುತ್ತಿತ್ತು. ಹಾಗಾಗಿ ಶೆಡ್ಡಿನ ಹಿಂದಿನ ಸುಣ್ಣದ ಗೋಡೆಗೆ ನಿಂತು ಉಚ್ಚೆ ಹೊಯ್ದಾಗ ಅದು ಕೆಂಪಗೆ ಬಂದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. “ಇವತ್ತು ಕಾಂಗೋ ಜಾಸ್ತಿ ಕುಡಿದೆ ನೋಡು” ಎಂದು ಸುಖಾ ನಗುತ್ತಿದ್ದ. “ಶೇಠ್‌ಗೆ ಹೇಳ್ಬೇಡ್ರಪ್ಪ, ಮಾಲು ಕದ್ದು ಒಯ್ತಾನೆ ಅಂತ ಗೇಟಲ್ಲಿ ಹಿಡೀತಾರೆ.” ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಬೇರೆ ಯಾವ ಊರಲ್ಲಾದರೂ ಒಬ್ಬ ಮನುಷ್ಯ ಕೆಂಪು ಕಂಡ ದಿನವೇ ಡಾಕ್ಟರ ಹತ್ತಿರ ಓಡುತ್ತಿದ್ದ. ನಾವು ನಗುತ್ತಿದ್ದೆವು.

ಅದು ಎಪ್ಪತ್ತಾರನೇ ಇಸವಿಯ ಮಳೆಗಾಲ ಮುಗಿದ ಹೊಸತು. ಮುಂದಿನ ದಾರಿಯಲ್ಲಿ ನೀರು ನಿಂತಿದ್ದರಿಂದ ತರುಬೆನ್ ಶೆಡ್ಡಿನ ಹಿಂಭಾಗದಿಂದ ಬಂದರು. ಗಂಡಸರ ಗೋಡೆ ಅದು. ನಾನು ಮುಜುಗರದಿಂದ, “ಬೆನ್, ಈ ಕಡೆ ಬೇಡ” ಎಂದು ಓಡಿದೆ. ಅವರು ನನ್ನ ಮಾತು ಕೇಳಿಸಿಕೊಳ್ಳದೆ ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಿದ್ದರು.

“ಇದು ಯಾರದ್ದು?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ಏನೋ ಬೆನ್, ಹುಡುಗರು, ಬಣ್ಣದ ನೀರು…”

“ಇದು ನಮ್ಮ ಬಣ್ಣ ಅಲ್ಲ ಠಾಕೋರ್‌ಭಾಯಿ. ನಾವು ಈ ಕೆಂಪು ಮಾಡೋದೇ ಇಲ್ಲ. ಯಾರದ್ದು ಹೇಳಿ.”

ಸುಖಾನನ್ನು ಕರೆಸಿದರು. ಅವನ ಕೈಗೆ ಒಂದು ಸೀಸೆ ಕೊಟ್ಟು ಏನು ಬೇಕೆಂದು ಹೇಳಿದಾಗ ಅವನು ಮದುಮಗಳ ಹಾಗೆ ನಾಚಿ, “ಬೆನ್, ನಿಮ್ಮೆದುರಿಗೆ ಇದನ್ನ ಹೆಂಗೆ ಹಿಡ್ಕೊಂಡು ಬರ್ಲಿ?” ಎಂದ. “ನಾನೇನು ಅದನ್ನ ಫ್ರೇಮ್ ಹಾಕಿಸಲ್ಲ. ಹೋಗೋ” ಎಂದು ಗದರಿದರು.

ಲ್ಯಾಬಿನಲ್ಲಿ ಎರಡು ಗಾಜಿನ ನಳಿಗೆ ತೆಗೆದುಕೊಂಡರು. ಒಂದರಲ್ಲಿ ಕಾಂಗೋ ಕರಗಿಸಿದ ನೀರು, ಇನ್ನೊಂದರಲ್ಲಿ ಸುಖಾನದ್ದು. ಎರಡೂ ಕೆಂಪೇ, ನನ್ನ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಂಡವು. ಎರಡಕ್ಕೂ ಆಸಿಡ್ ಹನಿ ಬಿಟ್ಟರು. ಕಾಂಗೋ ಒಂದೇ ಕ್ಷಣಕ್ಕೆ ನೀಲಿಯಾಯಿತು. ಅದರ ಗುಣವೇ ಅದು, ನಮಗೆಲ್ಲ ಗೊತ್ತು. ಸುಖಾನದ್ದು ನೀಲಿಯಾಗಲಿಲ್ಲ. ಮೆಲ್ಲಗೆ ಕಂದಾಗುತ್ತ ಬಂತು. ಸುಖಾ ಬಾಗಿಲಲ್ಲಿ ನಿಂತು ಇನ್ನೂ ನಗುತ್ತಿದ್ದ. ತರುಬೆನ್ ನಳಿಗೆಯನ್ನು ಅಡ್ಡಹಲಗೆಗೆ ಸಿಕ್ಕಿಸಿ ಅವನ ಕಡೆ ತಿರುಗಿದರು.

“ಸುಖಾ, ಇದು ರಕ್ತ” ಎಂದರು.

ಸೂರತ್‌ನ ಡಾಕ್ಟರು ಅವನ ಮೂತ್ರಕೋಶದಲ್ಲಿ ಗಡ್ಡೆ ಬೆಳೆದಿದೆ ಎಂದರು. ಕೆಟ್ಟ ಗಡ್ಡೆ. ಕೋಶವನ್ನೇ ತೆಗೆದು ಹೊಟ್ಟೆಗೆ ಒಂದು ಚೀಲ ಕಟ್ಟಿ ಕಳಿಸಿದರು. ಮೂರನೇ ಶೆಡ್ಡಿನ ಉಳಿದವರನ್ನೂ ತರುಬೆನ್ ಒಬ್ಬೊಬ್ಬರನ್ನಾಗಿ ಸೀಸೆ ಕೊಟ್ಟು ಕಳಿಸಿದರು. ಇನ್ನೂ ಮೂವರದ್ದು ಸರಿಯಿರಲಿಲ್ಲ. ಅವರಲ್ಲಿ ಇಬ್ಬರು ಮುಂದಿನ ಹೋಳಿ ನೋಡಲಿಲ್ಲ. ನನ್ನದು ಸರಿಯಿತ್ತು. ಏಕೆ ಸರಿಯಿತ್ತು, ದೇವರೇ ಬಲ್ಲ. ಅದೇ ಗಾಳಿ, ಅದೇ ಧೂಳು ನನ್ನ ಹೊಟ್ಟೆಗೂ ಹೋಗಿತ್ತು.

ಆಗ ಒಂದು ದಿನ ನಾನು ಧೈರ್ಯ ಮಾಡಿ ಕೇಳಿದೆ, “ಬೆನ್, ಬೇಸ್‌ನಿಂದ ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?”

ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ಓದಿದ್ದೆ. ವಿದೇಶದ ಕಾರ್ಖಾನೆಗಳಲ್ಲಿ ಹೀಗಾಗಿದೆ ಅಂತ ಕಾಲೇಜಲ್ಲಿ ಒಂದು ಸಾಲು ಓದಿದ್ದೆ. ಅದಕ್ಕೇ ಕೈ ತೊಳೀತಿದ್ದೆ. ನಿಮಗೂ ತೊಳೀರಿ ಅಂತ ಹೇಳಿದ್ದೆ, ನೀವು ನಕ್ಕಿರಿ, ನಾನು ಸುಮ್ಮನಾದೆ. ಜಾಸ್ತಿ ಮಾಲು ತೆಗೆಯೋ ಸಂಭ್ರಮದಲ್ಲಿದ್ದೆ ಠಾಕೋರ್‌ಭಾಯಿ. ಒಂದೂವರೆ ಪಟ್ಟು ಬೇಸ್ ಅಂದ್ರೆ ಒಂದೂವರೆ ಪಟ್ಟು ಧೂಳು ಅನ್ನೋದು ನನ್ನ ತಲೆಗೇ ಬರಲಿಲ್ಲ.” ಇಷ್ಟು ಹೇಳಿ ಎದ್ದು ಹೋದರು. ಈ ಮಾತನ್ನು ಮತ್ತೆಂದೂ ಆಡಲಿಲ್ಲ. ಆಡಿದ್ದರೆ ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಸುಲಭವಾಗುತ್ತಿತ್ತು.

ಮರುವಾರ ಶೇಠರ ಕೋಣೆಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋದರು. ಕೇಸರಿಚಂದ್ ಶೇಠ್ ಕೆಟ್ಟವರಲ್ಲ. ಸುಖಾನ ಆಸ್ಪತ್ರೆಯ ಖರ್ಚು ಪೂರ್ತಿ ಅವರೇ ಕೊಟ್ಟಿದ್ದರು. ಆದರೆ ವ್ಯಾಪಾರಿ.

“ಮೂರನೇ ಶೆಡ್ ಮುಚ್ಚಬೇಕು” ಎಂದರು ತರುಬೆನ್, ಕೂರುವ ಮೊದಲೇ.

“ಮುಚ್ಚಿದ್ರೆ ಕಪ್ಪು ಎಲ್ಲಿಂದ ತರ್ಲಿ? ಕಪ್ಪಿಲ್ಲದೆ ಈ ನಾನೂರು ಜನ ಏನ್ ತಿಂತಾರೆ?”

“ಬೇರೆ ಕಪ್ಪು ಮಾಡೋಣ.”

“ಮಾಡಿ! ಯಾರು ಬೇಡ ಅಂದ್ರು? ಅದೇ ಕಪ್ಪು, ಅದೇ ಬೆಲೆ. ಬಜಾರು ಒಪ್ಪಬೇಕು. ತಂದ ದಿನ ಆ ಶೆಡ್ಡಿಗೆ ನನ್ನ ಕೈಯಾರೆ ಬೀಗ ಹಾಕ್ತೀನಿ. ಠಾಕೋರ್, ನೀನೇ ಸಾಕ್ಷಿ.”

ತರುಬೆನ್‌ಗೆ ಬೇಕಿದ್ದದ್ದು ಇದೊಂದೇ ಮಾತು. ಅವತ್ತಿನಿಂದ ಅವರ ಬದುಕಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಮೂರನೇ ಶೆಡ್ಡಿಗೆ ಬೀಗ ಬೀಳಬೇಕು, ಅಷ್ಟೇ. ಅಲ್ಲಿಯವರೆಗೂ ನಮಗೆ ಕೈಗವಸು, ಮುಖಕ್ಕೆ ಬಟ್ಟೆ, ಪಾಳಿ ಮುಗಿದಮೇಲೆ ಬಿಸಿನೀರ ಸ್ನಾನ. ಮೂರು ತಿಂಗಳಿಗೊಮ್ಮೆ ಸೀಸೆ. ಯಾರು ತಪ್ಪಿಸಿಕೊಂಡರೂ ಮನೆಗೇ ಬಂದು, ಅತ್ತೆ, ಸೊಸೆಯರ ಎದುರಿಗೇ ಸೀಸೆ ಕೇಳುತ್ತಿದ್ದರು. ಮಾನ ಉಳಿಸಿಕೊಳ್ಳಲಿಕ್ಕಾದರೂ ಜನ ಮೊದಲೇ ತಂದುಕೊಡುತ್ತಿದ್ದರು.

ಕಪ್ಪು ಎಂದರೆ ಕಪ್ಪು ತಾನೇ ಎನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಅವರ ಕಿಟಕಿಯ ಹತ್ತಿರ ಹಗ್ಗಕ್ಕೆ ನೇತುಹಾಕಿದ ಲಡಿಗಳನ್ನು ನೋಡಿದಮೇಲೆ ಗೊತ್ತಾಯಿತು. ಹಸಿರು ಕಪ್ಪು, ಬದನೆಕಾಯಿ ಕಪ್ಪು, ಹೊಗೆ ಹಿಡಿದ ಕಪ್ಪು, ಒಂದು ಸಲ ಒಗೆದರೆ ಬೂದಿಯಾಗುವ ಕಪ್ಪು. ನೀಲಿಯಾಗಿ ಹೊಳೆಯುವುದು ಬಂದರೆ ಬೆಲೆ ಮೂರು ಪಟ್ಟು, ಬೆಲೆ ಇಳಿಸಿದರೆ ಬಣ್ಣ ಓಡಿಹೋಗುತ್ತಿತ್ತು. ಬೇಸ್ ಎನ್ನುವುದು ಪೀಡೆಯಾದರೂ ಅದರ ಕಪ್ಪು ಆಳವಾಗಿತ್ತು, ಅಗ್ಗವಾಗಿತ್ತು. ಅದರ ಜಾಗದಲ್ಲಿ ಮೈಗೆ ಹಾನಿಮಾಡದ ಇನ್ನೊಂದು ವಸ್ತುವನ್ನು ಕೂರಿಸಬೇಕು, ಬಟ್ಟೆಗೆ ಅದು ಗೊತ್ತಾಗಬಾರದು. ಅವರು ಹೊಸ ವಸ್ತುವೊಂದನ್ನು ಮಾಡಿದಾಗಲೆಲ್ಲ ಮೊದಲು ಅದರ ಬಗ್ಗೆ ಯಾರು ಏನು ಬರೆದಿದ್ದಾರೆ ಎಂದು ಮುಂಬಯಿಗೆ ಹೋಗಿ ಪುಸ್ತಕ ಹುಡುಕಿ ಬರುತ್ತಿದ್ದರು. ಒಳ್ಳೆಯ ಕಪ್ಪು ಬಂದಿದ್ದನ್ನೂ, “ಇದೂ ಅದೇ ಜಾತಿ, ಇಪ್ಪತ್ತು ವರ್ಷ ಆದ್ಮೇಲೆ ಕಚ್ಚುತ್ತೆ” ಎಂದು ಚರಂಡಿಗೆ ಸುರಿದದ್ದನ್ನು ನಾನೇ ನೋಡಿದ್ದೇನೆ. ಅದಕ್ಕೆ ಒಂದೂವರೆ ವರ್ಷ ಹಿಡಿದಿತ್ತು. ನಾನಾಗಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಈ ನಡುವೆ ಮುಂಬಯಿಯ ದೊಡ್ಡ ಕಂಪನಿಯೊಂದು ಕರೆಯಿತು. ಮನೆ, ಕಾರು ಎಲ್ಲ ಕೊಡುತ್ತೇವೆ ಎಂದರು. ಅವರ ತಾಯಿ ನನ್ನ ಹತ್ತಿರ, “ಮದುವೆ ಬೇಡ ಅಂದ್ಲು, ಬಿಟ್ಟೆ. ಕಾರೂ ಬೇಡ ಅಂತಾಳಲ್ಲ ಠಾಕೋರ್, ಆ ಶೆಡ್ಡಲ್ಲಿ ಯಾರಿದ್ದಾರೆ ಇವಳಿಗೆ?” ಎಂದು ಕಣ್ಣೀರು ಹಾಕಿದರು. ಯಾರಿದ್ದಾರೆಂದು ನಾನು ಹೇಗೆ ಹೇಳಲಿ? ನಾವಿದ್ದೆವು. ಹೊಟ್ಟೆಗೆ ಚೀಲ ಕಟ್ಟಿಕೊಂಡು ಗೇಟಿನ ಬಳಿ ಕೂತು ಬೀಡಿ ಸೇದುವ ಸುಖಾ ಇದ್ದ. ಶೇಠರು ಅವನಿಗೆ ವಾಚ್‌ಮನ್ ಕೆಲಸ ಕೊಟ್ಟಿದ್ದರು. ತರುಬೆನ್ ದಿನಾ ಬೆಳಿಗ್ಗೆ ಗೇಟು ದಾಟುವಾಗ ಅವನು, “ಬೆನ್, ಕಪ್ಪಾಯ್ತಾ?” ಎಂದು ಕೇಳುತ್ತಿದ್ದ. “ಇನ್ನೂ ಇಲ್ಲ ಸುಖಾ.” “ನನ್ನ ಮುಖಕ್ಕೆ ಹೋಲಿಸಿ ನೋಡಿ ಬೆನ್, ಇದಕ್ಕಿಂತ ಒಳ್ಳೆ ಕಪ್ಪು ಎಲ್ಲಿ ಸಿಗುತ್ತೆ?” ಅವರು ನಗುತ್ತ ಒಳಗೆ ಹೋಗುತ್ತಿದ್ದರು, ಲ್ಯಾಬಿಗೆ ತಲುಪುವ ಹೊತ್ತಿಗೆ ಮುಖದಲ್ಲಿ ನಗು ಇರುತ್ತಿರಲಿಲ್ಲ.

ನಾಲ್ಕನೇ ವರ್ಷಕ್ಕೆ ಒಂದು ಕಪ್ಪು ಬಂತು. ಮೈಗೆ ಹಾನಿಯಿಲ್ಲ, ಬೆಲೆ ಸರಿ, ಒಗೆತ ಸರಿ. ಕಂದು ನೆರಳು ಮಾತ್ರ ತುಸು ಜಾಸ್ತಿ. ಒಂದು ಚಿಟಿಕೆ ಹಸಿರು ಬೆರೆಸಿದರೆ ಅದೂ ಮಾಯ. ಲಡಿ ನೋಡಿ ನಾವೆಲ್ಲ ಕುಣಿದಾಡಿದೆವು. ಅಹಮದಾಬಾದಿನಿಂದ ದಲ್ಲಾಳಿ ಜೇಸಿಂಗ್‌ಭಾಯಿಯನ್ನು ಕರೆಸಿದರು. ಬಜಾರಿನಲ್ಲಿ ಅವನು ಹೌದೆಂದರೆ ಹೌದು.

ಜೇಸಿಂಗ್‌ಭಾಯಿ ಲಡಿಯನ್ನು ಮುಟ್ಟಲೇ ಇಲ್ಲ. ಜೇಬಿನಿಂದ ಮಡಚಿದ ಬಿಳಿ ಕಾಗದ ತೆಗೆದು, ನೀರಿಗೆ ಅದ್ದಿ, ಚಾಕುವಿನ ತುದಿಯಲ್ಲಿ ಒಂದು ಕಣ ಪುಡಿ ತೆಗೆದುಕೊಂಡು ‘ಫೂ’ ಎಂದು ಕಾಗದದ ಮೇಲೆ ಊದಿದ. ಬಣ್ಣದ ಬಜಾರಿನಲ್ಲಿ ಎಲ್ಲರೂ ಮಾಡುವ ಪರೀಕ್ಷೆ ಅದು. ಒದ್ದೆ ಕಾಗದದ ಮೇಲೆ ಬಿದ್ದ ಪ್ರತಿ ಕಣವೂ ತನ್ನ ಬಣ್ಣ ತೋರಿಸುತ್ತದೆ. ಒಂದೇ ಬಣ್ಣವಾದರೆ ಚುಕ್ಕಿಯೆಲ್ಲ ಒಂದೇ, ಬೆರಕೆಯಾದರೆ ಬೆರಕೆ. ಕಪ್ಪು ಚುಕ್ಕಿಗಳ ನಡುವೆ ಹಸಿರು ಚುಕ್ಕಿಗಳು ಅರಳಿದವು.

“ಬೆನ್, ನೀವು ಇಷ್ಟು ಓದಿದವರು” ಎಂದ ಜೇಸಿಂಗ್‌ಭಾಯಿ ಕಾಗದ ತಿರುಗಿಸಿ ತೋರಿಸುತ್ತ. “ಬೆರಕೆ ಮಾಲು ಮಾರೋಕೆ ಬಜಾರಲ್ಲಿ ನಮ್ಮಂಥ ಕಳ್ಳರೇ ಬೇಕಾದಷ್ಟು ಇದ್ದೀವಲ್ಲ.”

ಶೇಠರು ಅವನು ಹೋದಮೇಲೆ, “ಎರಡನ್ನೂ ನೀರಲ್ಲಿ ಕರಗಿಸಿ ಒಟ್ಟಿಗೆ ಒಣಗಿಸಿದ್ರೆ ಅವನಪ್ಪನಿಗೂ ಗೊತ್ತಾಗಲ್ಲ” ಎಂದರು. ಅದು ನಿಜವೇ. ಅರ್ಧ ದಿನದ ಕೆಲಸ. ಅಲ್ಲಿಗೆ ಮೂರನೇ ಶೆಡ್ಡಿಗೆ ಬೀಗ ಬೀಳುತ್ತಿತ್ತು. ತರುಬೆನ್ ಆ ಒದ್ದೆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

“ಬೇಡ ಶೇಠ್‌ಜಿ. ಒಂದು ದಿನ ಒಬ್ಬ ಸಿಕ್ಕಿಬಿದ್ದು, ಇವರ ಹೊಸ ಕಪ್ಪು ಬೆರಕೆ ಅಂತ ಬಜಾರೆಲ್ಲ ಸಾರಿದ್ರೆ ಎಲ್ಲರೂ ಹಳೇ ಕಪ್ಪಿಗೇ ವಾಪಸ್ ಹೋಗ್ತಾರೆ. ಆಮೇಲೆ ಆ ಶೆಡ್ಡಿನ ಬೀಗ ನೀವೇ ತೆಗೀತೀರಿ. ಒಂದೇ ಬಣ್ಣವಾಗಿ ಬರೋ ಕಪ್ಪು ತರ್ತೀನಿ.”

ನನಗೆ ರೇಗಿತು. ಹೊರಗೆ ಬಂದಮೇಲೆ ಜಗಳವನ್ನೇ ಆಡಿದೆ. “ನಿಮ್ಮ ಸತ್ಯಕ್ಕೆ ಇನ್ನೆಷ್ಟು ದಿನ ನಮ್ಮ ಹುಡುಗರು ಆ ಧೂಳು ಕುಡೀಬೇಕು?” ಎಂದೆ. ಅವರು ತಿರುಗಿ ಬೈಯಲಿಲ್ಲ. “ನನಗೂ ಅದೇ ಲೆಕ್ಕ ತಲೇಲಿ ಓಡ್ತಿದೆ ಠಾಕೋರ್‌ಭಾಯಿ. ಜೊತೆಗಿರಿ” ಎಂದರು. ಅವರು ಬೇಡಿಕೊಂಡಂತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇನ್ನೂ ಎರಡು ವರ್ಷ ಹೋಯಿತು. ಈ ಎರಡು ವರ್ಷ ಅವರು ಹೇಗೆ ಕೆಲಸ ಮಾಡಿದರು ಎನ್ನುವುದನ್ನು ಹೇಳಲು ನನಗೆ ಮಾತು ಸಾಲದು. ಹಸಿರನ್ನು ಹೊರಗಿನಿಂದ ಬೆರೆಸುವ ಬದಲು ಕಪ್ಪಿನ ಮೂಲದಲ್ಲೇ ಅದನ್ನು ಕೂಡಿಸಬೇಕಿತ್ತು. ಗಾಜಿನಲ್ಲಿ ಒಂದು ತಿಂಗಳಲ್ಲೇ ಬಂತು. ಕಬ್ಬಿಣದಲ್ಲಿ ಮಾಡಿದರೆ ಕೆಸರು. ಮತ್ತೆ ಗಾಜು, ಮತ್ತೆ ಕಬ್ಬಿಣ. ಚಳಿಗಾಲದಲ್ಲಿ ಸರಿ ಬಂದದ್ದು ಬೇಸಿಗೆಯಲ್ಲಿ ಒಡೆಯಿತು. ಐಸ್ ಕಾರ್ಖಾನೆಯಿಂದ ಲಾರಿಗಟ್ಟಲೆ ಐಸ್ ತರಿಸಿ, ಐಸ್ ಗಡ್ಡೆಯನ್ನು ಎಂಥ ತುಂಡು ಮಾಡಿ ಯಾವಾಗ ಹಾಕಬೇಕೆಂದು ತಾವೇ ನಿಂತು ತೋರಿಸಿದರು. ನಲವತ್ತು ದಾಟಿದ ಹೆಂಗಸು, ಸುತ್ತಿಗೆ ಹಿಡಿದು ಐಸ್ ಒಡೆಯುತ್ತ ನಮ್ಮನ್ನೆಲ್ಲ ಸೋಮಾರಿಗಳೆಂದು ಬೈಯುತ್ತಿದ್ದರು. ನಾವು ಬೈಸಿಕೊಂಡು ಖುಷಿಯಿಂದ ಕೆಲಸ ಮಾಡುತ್ತಿದ್ದೆವು. ದೇವಸ್ಥಾನದಲ್ಲಿ ನಿಂತಾಗ ಆಗುವಂಥದ್ದು ನನಗೆ ಆ ಪಾತ್ರೆಯ ಪಕ್ಕ ಆಗುತ್ತಿತ್ತು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಎಂಬತ್ತಮೂರರ ಫೆಬ್ರವರಿಯಲ್ಲಿ ಜೇಸಿಂಗ್‌ಭಾಯಿ ಮತ್ತೆ ಬಂದ. ಊದಿದ. ಚುಕ್ಕಿಗಳೆಲ್ಲ ಒಂದೇ ಕಪ್ಪು. ಕಾಗದವನ್ನು ಎತ್ತಿ ಹಿಡಿದು, ತಿರುಗಿಸಿ, ಮತ್ತೆ ಊದಿದ. ಆಮೇಲೆ ಹಳೆಯ ಕಪ್ಪಿನ ಲಡಿ, ಹೊಸ ಕಪ್ಪಿನ ಲಡಿ ಎರಡನ್ನೂ ಕಿಟಕಿಗೆ ಹಿಡಿದ. ಉಗುಳು ಹಚ್ಚಿ ತಿಕ್ಕಿದ. ಕೊನೆಗೆ ಒಂದನ್ನು ಎತ್ತಿ, “ಇದು ನಮ್ಮ ಹಳೇದು. ಎಷ್ಟೇ ಹೇಳಿ ಬೆನ್, ಹಳೇ ಕಪ್ಪಿನ ಗತ್ತೇ ಬೇರೆ” ಎಂದ.

“ಅದೇ ಹೊಸದು” ಎಂದರು ತರುಬೆನ್.

ಅವನು ಬಾಯಿ ತೆರೆದುಕೊಂಡು ನಿಂತದ್ದು ನೋಡಿ ನಾನು ಜೋರಾಗಿ ನಕ್ಕುಬಿಟ್ಟೆ. ಶೇಠರು ನಗಲಿಲ್ಲ. ಎದ್ದು, “ಬೀಗ ತನ್ನಿ” ಎಂದರು. ಮಾತಿಗೆ ತಪ್ಪುವ ಮನುಷ್ಯನಲ್ಲ. ಸ್ಟಾಕು ಮುಗಿದ ದಿನ ತಾವೇ ಬೀಗ ಹಾಕಿದರು. ಅವತ್ತು ಗೇಟಿನಲ್ಲಿ ಸುಖಾ ಕೇಳಿದ, “ಬೆನ್, ಕಪ್ಪಾಯ್ತಾ?” “ಆಯ್ತು ಸುಖಾ.” ಅವನಿಗೆ ಮುಂದೆ ತಮಾಷೆ ಹೊಳೆಯಲಿಲ್ಲ. ಇಬ್ಬರೂ ಅತ್ತರು.

ಇಲ್ಲಿಗೇ ಮುಗಿದಿದ್ದರೆ ತರುಬೆನ್ ಶಾಲೆಯ ಟೀಚರಾಗುತ್ತಿರಲಿಲ್ಲ.

ಬೀಗ ಬಿದ್ದ ಒಂದು ತಿಂಗಳಿಗೆ ದೂರದ ಊರಿನ ಪಾರ್ಟಿಯೊಬ್ಬ ಬಂದು ಮೂರನೇ ಶೆಡ್ಡಿನ ದೊಡ್ಡ ಪಾತ್ರೆಗೆ ರೇಟು ಹೇಳಿದ. ಶೆಡ್ ತೋರಿಸಲು ನನ್ನನ್ನು ಕಳಿಸಿದ್ದರು. ಅವನು ಪಾತ್ರೆಯ ಸುತ್ತ ತಿರುಗಿ, ತಟ್ಟಿ ನೋಡಿ, “ಇದು ನಿಮ್ಮ ಬೆನ್ ಅಳತೆ ಕೊಟ್ಟು ಮಾಡಿಸಿದ್ದಲ್ವಾ? ಇದರಲ್ಲಾದರೆ ಬೇಸ್ ಒಂದೂವರೆ ಪಟ್ಟು ಬರುತ್ತಂತೆ” ಎಂದ. ಕೈ ತೊಳೆಯುವ ವಿಷಯ ಹೇಳೋಣ ಎಂದುಕೊಂಡೆ. “ನಿಮ್ಮಲ್ಲಿ ಈ ಕೆಲಸಕ್ಕೆ ಎಂಥ ಜನ?” ಎಂದೆ. “ಜನಕ್ಕೇನು ಬರ, ಬಿಹಾರದಿಂದ ಬರ್ತಾರೆ” ಎಂದು ನಕ್ಕ. ನಾನು ಸೀದಾ ಲ್ಯಾಬಿಗೆ ಹೋಗಿ ಹೇಳಿದೆ.

ತರುಬೆನ್ ಶೇಠರ ಹತ್ತಿರ ಹೋದರು. ಕೋಣೆಯ ಹೊರಗಿನಿಂದ ನನಗೆ ಕೇಳಿಸುತ್ತಿತ್ತು.

“ನನ್ನ ಶೆಡ್ ಮುಚ್ಚಿದ್ದೀನಿ. ಮಾತು ಉಳಿಸ್ಕೊಂಡಿದ್ದೀನಿ” ಎನ್ನುತ್ತಿದ್ದರು ಶೇಠರು. “ಗುಜರಾತಿನ ಶೆಡ್ಡೆಲ್ಲ ಮುಚ್ಚಿಸೋಕೆ ನಾನೇನು ಸರಕಾರವಾ? ಗಟ್ಟಿಮುಟ್ಟಾದ ಪಾತ್ರೆ, ಗುಜರಿಗೆ ಹಾಕೋಕಾಗುತ್ತಾ?”

“ಹಾಕಿ.”

“ತರುಬೆನ್, ಸಾಕು. ಗುರುವಾರ ಲಾರಿ ಬರುತ್ತೆ.”

ಅವರು ಹೊರಗೆ ಬಂದು ನನ್ನತ್ತ ನೋಡದೆ ಹೋದರು. ಮರುದಿನ, ಅದರ ಮರುದಿನ, ಆ ಪಾತ್ರೆಗೆ ಆಸಿಡ್ ತುಂಬಿಸಿ ಕುದಿಸಿದರು, ನೀರು ತುಂಬಿಸಿ ಉಗಿ ಬಿಟ್ಟರು, ಮತ್ತೆ ತೊಳೆದರು. ತೊಳೆದ ನೀರನ್ನು ಕಾಗದದ ಮೇಲೆ ಪರೀಕ್ಷೆ ಮಾಡಿ, ಬೇಸ್‌ನ ಗುರುತು ಒಂದಿಷ್ಟೂ ಏಳದಂತಾಗುವವರೆಗೂ ತೊಳೆಸಿದರು. ಮಾರುವ ಮಾಲನ್ನು ಶುಚಿಮಾಡಿಸುತ್ತಿದ್ದಾರೆ ಎಂದು ಶೇಠರಿಗೂ ಸಂತೋಷವಾಗಿತ್ತು. ನಾನೂ ಹಾಗೇ ತಿಳಿದು ಸ್ವಲ್ಪ ಬೇಸರಪಟ್ಟೆ.

ಗುರುವಾರ ಬೆಳಿಗ್ಗೆ ಶೆಡ್ಡಿನ ಎಲ್ಲ ಬಾಗಿಲು ತೆರೆಸಿ, ಫಿಟ್ಟರ್‌ನನ್ನು ಗ್ಯಾಸ್ ಕಟ್ಟರ್ ಸಮೇತ ಕರೆಸಿದರು. “ಇದನ್ನ ಕತ್ತರಿಸು” ಎಂದರು. ಅಷ್ಟು ತೊಳೆಸಿದ್ದು ಬೆಂಕಿ ತಾಗಿದಾಗ ಬೇಸ್‌ನ ಹೊಗೆ ಏಳಬಾರದೆಂದು ಎಂಬುದು ನನಗೆ ಆಗ ಹೊಳೆಯಿತು. ಫಿಟ್ಟರ್ ನನ್ನ ಮುಖ ನೋಡಿದ. “ಶೇಠ್ ಚೀಟಿ ಇಲ್ದೆ ನಾನು ಮುಟ್ಟಲ್ಲ ಬೆನ್, ಮಕ್ಕಳೊಂದಿಗ” ಎಂದು ಕೈಮುಗಿದ.

“ಸರಿ. ನೀನು ಹೊರಗಿರು, ನಿನ್ನ ಮೇಲೆ ಬರಬಾರದು. ಕನ್ನಡಕ ಕೊಡು.”

ಅವರು ಕಾಲೇಜಿನ ದಿನಗಳಿಂದ ತಮ್ಮ ಗಾಜಿನ ಬುರುಡೆಗಳನ್ನು ತಾವೇ ಊದಿ ಮಾಡಿಕೊಂಡವರು. ಬೆಂಕಿಯ ನಾಲಗೆಯನ್ನು ಎಷ್ಟು ದೂರ ಹಿಡಿಯಬೇಕೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚರ್ಮದ ಏಪ್ರನ್ ಕಟ್ಟಿ, ತಾವು ಅಳತೆ ಕೊಟ್ಟು ಮಾಡಿಸಿದ ಪಾತ್ರೆಯ ಹೊಟ್ಟೆಗೆ ಬೆಂಕಿ ಹಿಡಿದರು. ಕಬ್ಬಿಣ ಕೆಂಪಾಗಿ, ಬಿಳಿಯಾಗಿ, ಹನಿಯಾಗಿ ಉದುರಿತು. ಮೊದಲ ತೂತು ಬಿತ್ತು, ಒಂದು ಕೊಡ ಹಿಡಿಸುವಷ್ಟು ದೊಡ್ಡದು. ಎರಡನೆಯದು ಬುಡದ ಹತ್ತಿರ. ಬೆಸುಗೆ ಹಾಕಿ ಮುಚ್ಚಲು ಆಗದ ಹಾಗೆ, ಕೀಲು ಬರುವ ಜಾಗ ನೋಡಿ ನೋಡಿ ಕತ್ತರಿಸಿದರು. ಎಲ್ಲಿ ಹೊಡೆದರೆ ಆ ಪಾತ್ರೆ ಮತ್ತೆ ಏಳುವುದಿಲ್ಲ ಎಂದು ಲೋಕದಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಗೇಟು ಬಿಟ್ಟು ಸುಖಾ ಓಡಿ ಬಂದ. ಕಾರ್ಖಾನೆಯ ಜನ ಬಾಗಿಲಲ್ಲಿ ತುಂಬಿಕೊಂಡರು.

ಶೇಠರು ಆ ಪಾರ್ಟಿಯನ್ನು ಕರೆದುಕೊಂಡೇ ಬಂದರು. ಪಾತ್ರೆಯನ್ನು ನೋಡಿದರು, ತರುಬೆನ್‌ರನ್ನು ನೋಡಿದರು. ಮುಖ ಕಪ್ಪಿಟ್ಟಿತು.

“ಇದು ನನ್ನ ಪಾತ್ರೆ!”

ತರುಬೆನ್ ಬೆಂಕಿ ಆರಿಸಿ ಕನ್ನಡಕ ಮೇಲೆತ್ತಿದರು. “ಪಾತ್ರೆ ನಿಮ್ಮದು ಶೇಠ್‌ಜಿ. ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ. ಆದ್ರೆ ಇದರಲ್ಲಿ ಬೇಸ್ ಮಾಡೋದನ್ನ ಕಲಿಸಿದ್ದು ನಾನು. ಅದನ್ನ ನಾನು ಇನ್ನೊಬ್ಬರಿಗೆ ಕೊಡಲ್ಲ.”

“ಅವನು ನಾಳೆ ಹೊಸಾದ್ ಮಾಡಿಸ್ಕೊಳ್ತಾನೆ! ಏನ್ ಸಾಧಿಸಿದ್ರಿ?”

“ಮಾಡಿಸ್ಕೊಳ್ಳಲಿ. ಬೇರೆಯವರ ಪಾತ್ರೆಯಾಗಿರುತ್ತೆ. ಇದಾಗಿರಲ್ಲ.”

“ಇವತ್ತೇ ಲೆಕ್ಕ ಚುಕ್ತಾ ಮಾಡ್ಕೊಂಡು ಹೋಗಿ. ನಾಳೆಯಿಂದ ಈ ಗೇಟಲ್ಲಿ ನಿಮ್ಮನ್ನ ನೋಡಬಾರದು ನಾನು.”

ಇಪ್ಪತ್ತೆರಡು ವರ್ಷದ ಕೆಲಸ. ಅವರು ಮಾತ್ರ ತಲೆಯಾಡಿಸಿ, “ಆಗಲಿ. ಇನ್ನೊಂದು ತೂತು ಬಾಕಿ ಇದೆ, ಮುಗಿಸಿ ಹೋಗ್ತೀನಿ” ಎಂದು ಕನ್ನಡಕ ಇಳಿಸಿಕೊಂಡರು.

ಶೇಠರು ಕಟ್ಟರ್ ಕಿತ್ತುಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದರು. ಆಗ ಸುಖಾ ಅಡ್ಡ ಬಂದು ನಿಂತ. ಜೀವಮಾನದಲ್ಲಿ ಶೇಠರೆದುರು ತಲೆಯೆತ್ತಿ ಮಾತಾಡಿದವನಲ್ಲ. ಅಂಗಿ ಮೇಲೆತ್ತಿ, ಹೊಟ್ಟೆಗೆ ಕಟ್ಟಿದ್ದ ಚೀಲವನ್ನು ತೋರಿಸುತ್ತ ನಿಂತ, ಅಷ್ಟೇ. ಅದನ್ನು ಅವನು ಅದುವರೆಗೆ ಯಾರಿಗೂ ತೋರಿಸಿರಲಿಲ್ಲ, ಹೆಂಡತಿ ಬಿಟ್ಟರೆ. ಶೇಠರು ನಿಂತಲ್ಲೇ ನಿಂತರು. ಆ ಪಾರ್ಟಿ ಮುಖ ತಿರುಗಿಸಿ ಲಾರಿಯ ಕಡೆ ನಡೆದ.

ಸುಖಾನ ಬೆನ್ನ ಹಿಂದೆ ತರುಬೆನ್ ಮತ್ತೆ ಬೆಂಕಿ ಹಚ್ಚಿದರು.